‘ಸ್ಕ್ರೀನಿಂಗ್’: ಜರಡಿಯೋ, ಒರೆಯೋ?

ವಿಜ್ಞಾನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಾ ‘ಸ್ಕ್ರೀನಿಂಗ್’ ಎಂಬ ಪದದ ಬಳಿ ನಿಂತುಬಿಟ್ಟಿದ್ದೇನೆ.

ಡಿಎನ್‌ಎ ಎಂದೊಡನೆ ಕಣ್ಣಿಗೆ ಕಟ್ಟುವುದು 1953ರಲ್ಲಿ ಪತ್ತೆಯಾದ ಜೋಡಿಸುರುಳಿ. ಆದರೆ ಡಿಎನ್‌ಎಯ ನಾಲ್ಕು ‘ಅಕ್ಷರ’ಗಳಲ್ಲಿ ಒಂದಾದ ಗ್ವಾನೀನ್ ದಟ್ಟವಾಗಿರುವ ಕಡೆ ಎಳೆ ತನ್ನ ಮೇಲೆಯೇ ಮಡಚಿಕೊಳ್ಳಬಲ್ಲದು. ಆಗ ನಾಲ್ಕು ನಾಲ್ಕು ಗ್ವಾನೀನ್‌ಗಳು ಚೌಕವಾಗಿ ಕೂಡಿ, ಚೌಕದ ಮೇಲೊಂದು ಚೌಕ ಪೇರಿಕೊಳ್ಳುತ್ತದೆ. ನಡುವೆ ಪೊಟ್ಯಾಸಿಯಂ ಅಯಾನು ಕುಳಿತು ಅಟ್ಟಿ ಜಾರದಂತೆ ಹಿಡಿದಿರುತ್ತದೆ. ಇದೇ ಜಿ-ಕ್ವಾಡ್ರುಪ್ಲೆಕ್ಸ್. ಸಂಯುಕ್ತಗಳ ದೊಡ್ಡ ರಾಶಿಯಲ್ಲಿ ಇದನ್ನು ಹಿಡಿಯಬಲ್ಲ ಸಣ್ಣ ಅಣು ಯಾವುದೆಂದು ನೋಡುವ ಕೆಲಸಕ್ಕೆ ಸ್ಕ್ರೀನಿಂಗ್ ಎನ್ನುತ್ತಾರೆ.

ಮೊದಲು ‘ಜರಡಿ ಹಿಡಿಯುವುದು’ ಎಂದು ಬರೆದೆ, ಮರುದಿನ ಹೊಡೆದುಹಾಕಿದೆ. ಜರಡಿ ನೋಡುವುದು ಗಾತ್ರವನ್ನು. ‘ಸಣ್ಣ ಅಣುಗಳನ್ನು ಜರಡಿ ಹಿಡಿದರು’ ಎಂದರೆ ದೊಡ್ಡವು ಮೇಲುಳಿದವು, ಸಣ್ಣವು ಉದುರಿದವು ಎಂದೇ ಓದುಗರು ತಿಳಿದಾರು. ‘ತಪಾಸಣೆ’ ಆರೋಗ್ಯದ ಪಾಲಾಗಿದೆ. ‘ಶೋಧನೆ’ಯ ಹೆಗಲ ಮೇಲೆ ಈಗಾಗಲೇ ಹೊರೆ ಜಾಸ್ತಿ.

ಪ್ರಯೋಗದಲ್ಲಿ ನಡೆಯುವುದನ್ನೇ ನೋಡಿ. ಥಯಾಜೋಲ್ ಆರೆಂಜ್ ಎಂಬ ಬಣ್ಣ ಬಿಡಿಯಾಗಿದ್ದಾಗ ಮಂಕು, ಡಿಎನ್‌ಎಯಲ್ಲಿ ಸೇರಿಕೊಂಡಾಗ ಹೊಳೆಯುತ್ತದೆ. ಹೊಸ ಅಣು ಅದನ್ನು ಹೊರದಬ್ಬಿದರೆ ಹೊಳಪು ಇಳಿಯುತ್ತದೆ. ಆ ಇಳಿತವನ್ನು ಅಳೆಯುತ್ತಾರೆ. ಮತ್ತೆ ಅದೇ ಅಣುವನ್ನು ಸಾಮಾನ್ಯ ಜೋಡಿಸುರುಳಿಯ ಮೇಲೂ ಪರೀಕ್ಷಿಸುತ್ತಾರೆ. ಅಲ್ಲೂ ಅಷ್ಟೇ ಬಲವಾಗಿ ಹಿಡಿದರೆ ಅದು ಬೇಡ. ಇದು ಜರಡಿಯಲ್ಲ, ಒರೆಗಲ್ಲು! ಹಾಗಾಗಿ ‘ಒರೆಹಚ್ಚಿ ಹೆಕ್ಕುವುದು’ ಎಂದು ಬರೆಯುತ್ತಿದ್ದೇನೆ. ನಾಮಪದ ಬೇಕಾದಲ್ಲಿ ‘ಒರೆಯಾಯ್ಕೆ’ ಎಂದು ಕಟ್ಟಿಕೊಂಡಿದ್ದೇನೆ. ಕಿವಿಗೆ ತುಸು ಒರಟು, ಒಪ್ಪುತ್ತೇನೆ. ಕತ್ತಿಯ ಒರೆ ನೆನಪಾಗುವ ಅಪಾಯವೂ ಇದೆ.

ಜೊತೆಗೆ ಇನ್ನೊಂದು ತೊಡಕು, ಇಂಗ್ಲಿಷಿನ ‘ಬೈಂಡ್’ ಪದದ್ದು. ‘ಡಿಎನ್‌ಎಯನ್ನು ಬಂಧಿಸುವ ಅಣುಗಳು’ ಎಂದರೆ ಪೊಲೀಸರ ಸುದ್ದಿಯಂತೆ ಕೇಳುತ್ತದೆ. ಅಲ್ಲದೆ ಇಂಥ ಅಣುಗಳಲ್ಲಿ ಹೆಚ್ಚಿನವು ರಾಸಾಯನಿಕ ಬಂಧದಿಂದ ಬೆಸೆದುಕೊಳ್ಳುವುದಿಲ್ಲ. ಚೌಕದ ಮೇಲೆ ಕೂರುತ್ತವೆ, ಮತ್ತೆ ಏಳುತ್ತವೆ. ‘ಅಂಟುವ’ ಎನ್ನೋಣವೆಂದರೆ ಅಂಟಿಗೆ ಆಯ್ಕೆಯೇ ಇಲ್ಲ, ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ. ಸದ್ಯಕ್ಕೆ ‘ಕಚ್ಚಿಕೊಳ್ಳುವ’ ಎಂದಿಟ್ಟಿದ್ದೇನೆ.

‘ಒರೆಯಾಯ್ಕೆ’ ವಿವರಣೆಯಿಲ್ಲದೆ ಅರ್ಥವಾಗುತ್ತದೆಯೇ? ಅಥವಾ ಸ್ಕ್ರೀನಿಂಗ್ ಎಂದೇ ಬಿಟ್ಟು, ಮೊದಲ ಬಾರಿ ಬಂದಲ್ಲಿ ಮಾತ್ರ ‘ಒರೆಹಚ್ಚಿ ಹೆಕ್ಕುವ ಕ್ರಮ’ ಎಂದು ಬಿಡಿಸಿ ಹೇಳಿದರೆ ಸಾಕೇ? ವಿಜ್ಞಾನ ಪಾಠ ಮಾಡುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ, ತಿಳಿಸಿ.