ಪದಚರ್ಚೆ: ‘ಸರ್ಕಾರದ ಗಮನಕ್ಕೆ ಬಂದಿರುತ್ತದೆ’ – ಬಂದಿದೆಯೋ, ಬಂದಿರಬಹುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಧಾನಸಭೆ, ವಿಧಾನ ಪರಿಷತ್ತಿನ ಪ್ರಶ್ನೋತ್ತರದ ಹಾಳೆಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಒಂದು ಕ್ರಿಯಾರೂಪದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಾಗಿದೆ. ಶಾಸಕರ ಪ್ರಶ್ನೆ ‘...ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಮುಗಿಯುತ್ತದೆ. ಪಕ್ಕದ ಅಂಕಣದಲ್ಲಿ ಸಚಿವರ ಉತ್ತರ ಎಷ್ಟೋ ಸಲ ‘ಬಂದಿರುತ್ತದೆ’ ಎಂದು ಅಚ್ಚಾಗಿರುತ್ತದೆ. (ಈ ‘ಅಚ್ಚಾಗಿರುತ್ತದೆ’ ರೂಢಿಯ ಅರ್ಥದ್ದು, ಸಕ್ರಮವಾದದ್ದು. ನನ್ನ ತಕರಾರು ಅದರ ಹಿಂದಿನದರ ಮೇಲೆ.) ‘ಬಂದಿದೆಯೇ’ ಎಂದು ಕೇಳಿದವರಿಗೆ ‘ಬಂದಿದೆ’ ಎನ್ನಬೇಕಾದ ಕಡೆ ‘ಬಂದಿರುತ್ತದೆ’ ಎಲ್ಲಿಂದ ಬಂತು? ಕನ್ನಡದಲ್ಲಿ ಇವೆರಡೂ ಒಂದೇನಾ?

ಈ ಹಾಳೆಗಳನ್ನು ನೋಡಿರದವರಿಗಾಗಿ ಅದರ ಅಚ್ಚು ಹೇಗಿರುತ್ತದೆಂದು ಹೇಳಿಬಿಡುತ್ತೇನೆ. ಮೇಲೆ ಪ್ರಶ್ನೆಯ ಸಂಖ್ಯೆ, ಮಾನ್ಯ ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಎಂದು ಕಂತು ಮಾಡಿರುತ್ತಾರೆ. ಮಾದರಿಗೆ ನಾನೇ ಒಂದನ್ನು ಕಟ್ಟಿದ್ದೇನೆ, ಯಾವ ತಾಲ್ಲೂಕಿನದೂ ಅಲ್ಲ:

(ಅ) ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಹುದ್ದೆಗಳು ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? – ಬಂದಿರುತ್ತದೆ.

(ಆ) ಬಂದಿದ್ದಲ್ಲಿ, ಖಾಲಿ ಇರುವ ಹುದ್ದೆಗಳೆಷ್ಟು? (ಕೇಂದ್ರವಾರು ವಿವರ ನೀಡುವುದು) – 2 ಹುದ್ದೆಗಳು ಖಾಲಿ ಇರುತ್ತವೆ. ವಿವರಗಳನ್ನು ಅನುಬಂಧದಲ್ಲಿ ಒದಗಿಸಲಾಗಿರುತ್ತದೆ.

(ಇ) ಸದರಿ ಹುದ್ದೆಗಳನ್ನು ಯಾವ ಕಾಲಮಿತಿಯೊಳಗೆ ಭರ್ತಿ ಮಾಡಲಾಗುವುದು? – ಹಂತ ಹಂತವಾಗಿ ಭರ್ತಿ ಮಾಡಲು ಕ್ರಮವಹಿಸಲಾಗುತ್ತಿದೆ.

ಇದು ಕಟ್ಟಿದ್ದೇ ಆದರೂ, ಇಂಥ ಉತ್ತರಗಳನ್ನು ಓದಿದವರಿಗೆ ಹೊಸದೆನಿಸಲಿಕ್ಕಿಲ್ಲ.

ಈಗ ವ್ಯಾಕರಣಕ್ಕೆ ಬರೋಣ. ‘ಇರು’ ಧಾತುವಿಗೆ ನಮ್ಮಲ್ಲಿ ಎರಡು ವರ್ತಮಾನಗಳಿವೆ. ‘ಇದೆ, ಇದ್ದಾರೆ’ ಎಂದರೆ ಈಗ, ಕಣ್ಣೆದುರಿಗೆ, ಖಚಿತ. ‘ಇರುತ್ತದೆ, ಇರುತ್ತಾರೆ’ ಎಂದರೆ ರೂಢಿ, ಇಲ್ಲವೇ ಊಹೆ. ಆಸ್ಪತ್ರೆಯ ಬಾಗಿಲಲ್ಲಿ ‘ಡಾಕ್ಟ್ರು ಇದ್ದಾರಾ?’ ಎಂದು ಕೇಳಿದಾಗ ಆಯಾ ‘ಇದ್ದಾರೆ’ ಎಂದರೆ ಒಳಗೆ ಹೋಗಿ ಕೂರುತ್ತೇವೆ. ‘ಇರ್ತಾರೆ’ ಎಂದರೆ? ಒಂದು ಗಳಿಗೆ ಅನುಮಾನಿಸಿ, ‘ಅಂದ್ರೆ ಈಗ ಇದ್ದಾರೋ ಇಲ್ವೋ?’ ಎಂದು ಮತ್ತೆ ಕೇಳುತ್ತೇವೆ. ಆ ‘ಇರ್ತಾರೆ’ ಸುಳ್ಳಲ್ಲ, ಆದರೆ ಇವತ್ತಿನ ಬಗ್ಗೆ ಅದು ಏನನ್ನೂ ಹೇಳಿಲ್ಲ.

‘ಬಂದು’ ಸೇರಿಸಿದರೂ ಅದೇ ಕಥೆ. ‘ನೀವು ಏಳೋ ಹೊತ್ತಿಗೆ ಹಾಲು ಬಂದಿರುತ್ತೆ’ ಅಂದರೆ ಮುಂದಾಗುವ ಮಾತು. ‘ದಿನಾ ಆರಕ್ಕೆಲ್ಲ ಬಂದಿರುತ್ತೆ’ ಅಂದರೆ ವಾಡಿಕೆ. ‘ಇಷ್ಟೊತ್ತಿಗೆ ಬಂದಿರುತ್ತೆ ಬಿಡಿ’ ಅಂದರೆ ಊಹೆ, ಹೇಳಿದವರು ಹೋಗಿ ನೋಡಿಲ್ಲ. ‘ಬಂದಿದೆ, ನಾನೇ ನೋಡಿದೆ’ ಎನ್ನುತ್ತೇವೆಯೇ ಹೊರತು ‘ಬಂದಿರುತ್ತೆ, ನಾನೇ ನೋಡಿದೆ’ ಎಂದು ಯಾರೂ ಆಡುವುದಿಲ್ಲ. ಇಲ್ಲವೆನ್ನುವಾಗಲೂ ಹಾಗೆಯೇ: ಆಡುಮಾತಿನ ‘ಬಂದಿರಲ್ಲ’ ಬರೀ ಅಂದಾಜು, ಸರ್ಕಾರಿ ಕಾಗದದ ‘ಬಂದಿರುವುದಿಲ್ಲ’ ಮಾತ್ರ ಖಡಾಖಂಡಿತ ನಿರಾಕರಣೆ. ಕಚೇರಿಯ ಕನ್ನಡ ಊಹೆಯ ರೂಪವನ್ನು ತೆಗೆದುಕೊಂಡು ಅದನ್ನು ಖಚಿತದ ಜಾಗದಲ್ಲಿ ಕೂರಿಸಿದೆ.

ಹಾಗಾಗಿ ಮೇಲಿನ (ಆ) ಉತ್ತರವನ್ನು ಕಚೇರಿಯ ಗಾಳಿ ತಾಕದ ಕನ್ನಡಿಗರು ಓದಿದರೆ, ‘ಆ ತಾಲ್ಲೂಕಿನಲ್ಲಿ ಯಾವಾಗಲೂ 2 ಹುದ್ದೆ ಖಾಲಿ ಇರುವುದು ವಾಡಿಕೆ’ ಎಂದೇ ಅರ್ಥ ಮಾಡಿಕೊಂಡಾರು. ಎಷ್ಟೋ ತಾಲ್ಲೂಕುಗಳ ಮಟ್ಟಿಗೆ ಅದೇ ಸರಿಯಾದ ಓದು ಎಂದು ಯಾರಾದರೂ ಕುಟುಕಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ.

ಇಂಥ ಕಡೆಯೆಲ್ಲ ‘ಇದು ಇಂಗ್ಲಿಷಿನ ನೆರಳು’ ಎಂದು ಹೇಳಿ ಮುಗಿಸುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಅದು ನಡೆಯುವುದಿಲ್ಲ. ಇಂಗ್ಲಿಷಿನಿಂದ ನೇರವಾಗಿ ಇಳಿಸಿದ್ದರೆ ‘ಬಂದಿದೆ’ ಎಂದೇ ಆಗುತ್ತಿತ್ತು, ಅಲ್ಲಿನ ರೂಪಕ್ಕೆ ಸಮನಾದದ್ದು ಅದೇ. ‘ಲಾಗಿದೆ, ಲಾಗುವುದು’ಗಳ ಕರ್ಮಣಿ ಪ್ರಯೋಗದ ಹೊರೆಯನ್ನು ಬೇಕಾದರೆ ಇಂಗ್ಲಿಷಿನ ಲೆಕ್ಕಕ್ಕೆ ಬರೆಯಿರಿ. ‘ಇರುತ್ತದೆ’ ನಮ್ಮದೇ ಮನೆಯ ಕೂಸು.

ನನ್ನ ಅನುಮಾನ ಹೋಗುವುದು ದಸ್ತಾವೇಜುಗಳ ಕಡೆಗೆ. ಕ್ರಯಪತ್ರ ತೆರೆದು ನೋಡಿ: ‘ಸದರಿ ಸ್ವತ್ತು ನನ್ನ ಸ್ವಾಧೀನಾನುಭವದಲ್ಲಿರುತ್ತದೆ’, ‘ನಿಮಗೆ ಶುದ್ಧ ಕ್ರಯಕ್ಕೆ ಕೊಟ್ಟಿರುತ್ತೇನೆ’. ಪೊಲೀಸ್ ಠಾಣೆಯ ದೂರಿನಲ್ಲಿ ‘ಪಿರ್ಯಾದುದಾರರು ದೂರು ನೀಡಿರುತ್ತಾರೆ’, ‘ಆರೋಪಿಯು ಸ್ಥಳದಿಂದ ಪರಾರಿಯಾಗಿರುತ್ತಾನೆ’. ಪತ್ರ ಬರೆದ ದಿನಕ್ಕಷ್ಟೇ ಅಲ್ಲ, ಅದನ್ನು ಮುಂದೆ ಯಾವತ್ತು ತೆಗೆದು ಓದಿದರೂ ನಿಲ್ಲಬೇಕಾದ ಮಾತು ಅದು. ಆ ಕಾರಣಕ್ಕೆ ‘ಕೊಟ್ಟಿದ್ದೇನೆ’ಗಿಂತ ‘ಕೊಟ್ಟಿರುತ್ತೇನೆ’ ಹೆಚ್ಚು ಗಟ್ಟಿ ಎಂದು ಪತ್ರ ಬರೆಯುವವರಿಗೆ ಅನಿಸಿರಬಹುದು. ಅಲ್ಲಿಂದ ಅದು ಕಚೇರಿಯ ಟಿಪ್ಪಣಿಗೆ, ಟಿಪ್ಪಣಿಯಿಂದ ಸದನದ ಉತ್ತರಕ್ಕೆ ಹತ್ತಿರಬೇಕು. ಇದು ನನ್ನ ಊಹೆ, ಆಧಾರ ತೋರಿಸಿ ಯಾರಾದರೂ ಮುರಿದರೆ ಸಂತೋಷ.

ಇನ್ನೊಂದು ಕಾರಣವೂ ಇದ್ದೀತು. ಶಾಸಕರ ಪ್ರಶ್ನೆ ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ ಬಂದರೆ ಅದಕ್ಕೆ ಕಚೇರಿಗಳಲ್ಲಿ ‘ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್’ ಎಂಬುದನ್ನು ಮೊಟಕುಗೊಳಿಸಿ ‘ಎಲ್‌ಎಕ್ಯೂ’ ಎನ್ನುತ್ತಾರೆ. ಅಧಿವೇಶನದ ದಿನಗಳಲ್ಲಿ ‘ಎಲ್‌ಎಕ್ಯೂ ಇದೆ, ಸಂಜೆಯೊಳಗೆ ಮಾಹಿತಿ ಕಳಿಸಿ’ ಎಂದು ಫೋನ್ ಬಂದರೆ ತಾಲ್ಲೂಕು ಕಚೇರಿಯಲ್ಲಿ ಉಳಿದ ಕೆಲಸವೆಲ್ಲ ಬದಿಗೆ. ತಾಲ್ಲೂಕು ಆರೋಗ್ಯಾಧಿಕಾರಿ ಬರೆದದ್ದು ಜಿಲ್ಲೆಗೆ, ಜಿಲ್ಲೆಯದು ಆಯುಕ್ತಾಲಯಕ್ಕೆ, ಅಲ್ಲಿಂದ ಕಾರ್ಯದರ್ಶಿಗಳ ಕಡತಕ್ಕೆ, ಕೊನೆಗೆ ಸಚಿವರ ಸಹಿಗೆ. ಸಹಿ ಮಾಡಿದವರು ಆ ಆಸ್ಪತ್ರೆ ನೋಡಿಲ್ಲ. ನೋಡಿದವರ ಸಹಿ ಉತ್ತರದ ಮೇಲಿಲ್ಲ. ಒಬ್ಬೊಬ್ಬರೂ ಕೆಳಗಿನವರು ಬರೆದದ್ದನ್ನು ನಂಬಿ ಮೇಲಕ್ಕೆ ಕಳಿಸುವಾಗ ‘ಖಾಲಿ ಇವೆ’ ಎನ್ನುವುದಕ್ಕಿಂತ ‘ಖಾಲಿ ಇರುತ್ತವೆ’ ಎನ್ನುವುದು ಕೈಗೆ ಹಗುರ. ಹಾಗೆ ನೋಡಿದರೆ ಊಹೆಯ ಅರ್ಥ ಪೂರ್ತಿ ಸತ್ತಿಲ್ಲ, ಕಡತದೊಳಗೆ ಇನ್ನೂ ಉಸಿರಾಡುತ್ತಿದೆ.

ನೇರ ಪ್ರಸಾರ ನೋಡುವವರು ಒಂದನ್ನು ಗಮನಿಸಿರಬಹುದು. ಸಚಿವರು ಎದ್ದು ನಿಂತು ‘ಉತ್ತರ ಒದಗಿಸಲಾಗಿದೆ ಸಭಾಧ್ಯಕ್ಷರೇ’ ಎನ್ನುತ್ತಾರೆ. ಶಾಸಕರು ಉಪಪ್ರಶ್ನೆ ಹಾಕಿದ ಮೇಲೆ ಕಾಗದ ಬಿಟ್ಟು ಮಾತಿಗೆ ಇಳಿದರೆ ‘ಇರುತ್ತದೆ’ ಮಾಯ. ‘ಖಾಲಿ ಇದೆ, ಒಪ್ಕೋತೀನಿ’ ಎಂದೋ, ಬಡಗಣದವರಾದರೆ ‘ಖಾಲಿ ಅದಾವ್ರಿ’ ಎಂದೋ ಸೀದಾ ಬರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗಿರುವ ಬೆಲೆಯೇ ಅದು, ಬಾಯಿಂದ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆಗೂ ತಡೆದುಕೊಳ್ಳಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಬರೆದ ಹಾಳೆಯಷ್ಟೇ, ಅಲ್ಲಿ ‘ಇರುತ್ತದೆ’ಯನ್ನು ಅಲುಗಿಸುವವರಿಲ್ಲ. (ಚುಕ್ಕೆ ಎಂದರೆ ಇಲ್ಲಿ ಬೊಟ್ಟಲ್ಲ, ಬೆಳ್ಳಿಚುಕ್ಕೆಯ ಚುಕ್ಕೆ, ನಕ್ಷತ್ರ. ರಂಗೋಲಿಯ ಚುಕ್ಕೆ ಎಂದುಕೊಂಡವರನ್ನು ಕಂಡಿದ್ದೇನೆ.) ಮೂಲ ಪ್ರಶ್ನೆ ಕೇಳುವ ಹಕ್ಕು ಈ ದೇಶದ ಶಾಸನಸಭೆಗಳಿಗೆ ಬಂದದ್ದು 1892ರ ಕಾಯ್ದೆಯಿಂದ. ಉಪಪ್ರಶ್ನೆಗೆ 1909ರವರೆಗೆ ಕಾಯಬೇಕಾಯಿತು. ಆಳುವವರಿಗೆ ಯಾವುದು ಹೆಚ್ಚು ಇರುಸುಮುರುಸು ಎಂಬುದು ಆ ಅಂತರದಲ್ಲೇ ಗೊತ್ತಾಗುತ್ತದೆ. ನಮ್ಮ ಮೈಸೂರಿನಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಕೂಡಿತ್ತು ನಿಜ, ಆದರೆ ಮೊದಮೊದಲು ಅಲ್ಲಿ ಆಗುತ್ತಿದ್ದದ್ದು ಅಹವಾಲು ಹೇಳಿಕೊಳ್ಳುವುದು. ಅಹವಾಲಿಗೆ ಉಪಪ್ರಶ್ನೆ ಇರುವುದಿಲ್ಲ.

ಕ್ರಿಯಾರೂಪದ ಮೇಲೆ ಇಷ್ಟು ಎಳೆದಾಡುವುದು ಯಾಕೆ ಎಂದು ಕೇಳಬಹುದು. ಯಾಕೆಂದರೆ ಸದನದಲ್ಲಿ ಕ್ರಿಯಾಪದದ ಬಾಲಕ್ಕೆ ಬೆಲೆ ಇದೆ. ಸಚಿವರು ‘ಮಾಡಲಾಗುವುದು’, ‘ಪರಿಶೀಲಿಸಲಾಗುವುದು’ ಎಂದರೆ ಅದು ಭರವಸೆ. ಅದನ್ನು ಹಿಂಬಾಲಿಸಲು ಭರವಸೆಗಳ ಸಮಿತಿ ಎಂಬುದೇ ಇದೆ. ಲೋಕಸಭೆಯಲ್ಲಿ ಇಂಥ ಸಮಿತಿ ಹುಟ್ಟಿದ್ದು 1953ರಲ್ಲಿ. ಯಾವ ಯಾವ ಮಾತಿನ ವರಸೆಯನ್ನು ಭರವಸೆ ಎಂದು ಎಣಿಸಬೇಕೆಂದು ಅಲ್ಲಿ ಪಟ್ಟಿಯೇ ಇದೆ, ಕೊಟ್ಟ ಮಾತನ್ನು 3 ತಿಂಗಳೊಳಗೆ ನಡೆಸಬೇಕೆಂಬ ಕಟ್ಟಳೆಯೂ ಇದೆ. ಈಗ ನನ್ನ ಮಾದರಿಯ (ಇ) ಉತ್ತರಕ್ಕೆ ಹಿಂತಿರುಗಿ. ಶಾಸಕರು ‘ಯಾವ ಕಾಲಮಿತಿಯೊಳಗೆ ಮಾಡಲಾಗುವುದು’ ಎಂದು ಭವಿಷ್ಯದಲ್ಲಿ ಕೇಳಿದ್ದಾರೆ, ಉತ್ತರ ‘ಕ್ರಮವಹಿಸಲಾಗುತ್ತಿದೆ’ ಎಂದು ವರ್ತಮಾನದಲ್ಲಿ ಜಾರಿಕೊಂಡಿದೆ. ‘ಲಾಗುವುದು’ ಬರೆದಿದ್ದರೆ ನಾಳೆ ಅದನ್ನು ಹಿಡಿದು ಕೇಳಬಹುದಿತ್ತು. ‘ಲಾಗುತ್ತಿದೆ’ಗೆ ಗಡುವು ಎಲ್ಲಿಂದ ತರುವುದು? ಮುಂದಿನ ಅಧಿವೇಶನದಲ್ಲೂ ಆಗುತ್ತಲೇ ಇರುತ್ತದೆ. ಇನ್ನು ‘ಕ್ರಮ ಕೈಗೊಳ್ಳಲಾಗಿರುತ್ತದೆ’ ಎಂದರಂತೂ ಮುಗಿದೇಹೋಯಿತು. ಆಗಿದೆಯೋ, ಆಗಿರಬಹುದೋ, ಆಗಲಿದೆಯೋ, ಮೂರಕ್ಕೂ ಒಪ್ಪುವ ಮಾತು.

ಇದನ್ನು ಬಲ್ಲ ಶಾಸಕರು (ಅ) ಕಂತಿನಲ್ಲಿ ‘ಗಮನಕ್ಕೆ ಬಂದಿದೆಯೇ’ ಎಂದು ಕೇಳುವುದೇ ಇಲ್ಲ. ಸೀದಾ ‘ಎಷ್ಟು? ಯಾವ ದಿನಾಂಕದಿಂದ?’ ಎಂದು ಶುರುಮಾಡುತ್ತಾರೆ. ‘ಬಂದಿದೆಯೇ’ಯಲ್ಲಿ ಒಂದು ಹಳ್ಳವಿದೆ. ಸಚಿವರು ‘ಬಂದಿರುವುದಿಲ್ಲ’ ಎಂದುಬಿಟ್ಟರೆ ‘ಬಂದಿದ್ದಲ್ಲಿ’ ಎಂದು ಹೊರಡುವ (ಆ), (ಇ), (ಈ) ಮೂರೂ ಒಟ್ಟಿಗೆ ಬೀಳುತ್ತವೆ. ಅವುಗಳೆದುರು ಒಂದೇ ಮಾತು: ‘ಉದ್ಭವಿಸುವುದಿಲ್ಲ’. ಊರಲ್ಲಿ ನಾವು ಉದ್ಭವ ಎನ್ನುವುದು ಗಣಪತಿಗೆ, ಲಿಂಗಕ್ಕೆ. ಇಲ್ಲಿ ಉದ್ಭವಿಸಲಾರದೆ ಹೋದದ್ದು ಪ್ರಶ್ನೆ. ಅಚ್ಚಿನಲ್ಲಿ ಎಡಗಡೆ ನಾಲ್ಕು ಸಾಲು ಮೈತುಂಬಿಕೊಂಡು ನಿಂತಿದ್ದರೂ ಬಲಗಡೆ ಅದು ಹುಟ್ಟೇ ಇಲ್ಲ! ‘ಅನ್ವಯಿಸುವುದಿಲ್ಲ’ ಎಂದು ಬರೆಯುವುದೂ ಉಂಟು, ಅದು ಕೊಂಚ ಮರ್ಯಾದೆಯ ಮಾತು.

‘ಗಮನ’ದ ಬಗ್ಗೆಯೂ ಒಂದು ಮಾತು. ಸಂಸ್ಕೃತದಲ್ಲಿ ಅದು ಹೋಗುವುದು. ಆಗಮನ, ನಿರ್ಗಮನಗಳಲ್ಲಿ ನಮಗೂ ಅದೇ ಅರ್ಥ. ಒಂಟಿಯಾಗಿ ನಿಂತಾಗ ಮಾತ್ರ ಕನ್ನಡದಲ್ಲಿ ಲಕ್ಷ್ಯ ಎಂದಾಗಿದೆ. ಮನಸ್ಸು ಅತ್ತ ಹೋಗುವುದು ಎಂಬ ದಾರಿಯಲ್ಲಿ ಬಂದದ್ದಿರಬೇಕು. ಹಾಗಿದ್ದರೆ ಸರ್ಕಾರದ ಗಮನ ತಾನಾಗಿ ಸಮಸ್ಯೆಯ ಕಡೆ ಹೋಗಬೇಕಿತ್ತು. ನಮ್ಮ ನುಡಿಗಟ್ಟಿನಲ್ಲಿ ಸಮಸ್ಯೆಯೇ ಕಾಲೆಳೆದುಕೊಂಡು ಗಮನಕ್ಕೆ ‘ಬರಬೇಕು’, ಬರದಿದ್ದರೆ ಶಾಸಕರು ‘ತರಬೇಕು’, ಅದಕ್ಕೂ ಆಗದಿದ್ದರೆ ವಿಧಾನಸಭೆಯ ನಿಯಮ 73ರಡಿ ‘ಗಮನ ಸೆಳೆಯುವ ಸೂಚನೆ’ ಕೊಟ್ಟು ಎಳೆಯಬೇಕು.

ಇನ್ನು ನನ್ನ ಕೋರಿಕೆ. ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಆಡುಮಾತಿನ ‘ಬಂದಿರ್ತದ’ ಎಲ್ಲಾದರೂ ‘ಬಂದದ’ ಎಂಬ ಖಚಿತದ ಅರ್ಥದಲ್ಲಿ ಬರುತ್ತದೆಯೇ, ಅಥವಾ ನಿಮಗೂ ಅದು ಅಂದಾಜಿನ ಮಾತೇ? ಕುಂದಾಪುರದವರು, ಹವ್ಯಕರು, ಕೊಡಗಿನ ಅರೆಭಾಷೆಯವರು ತಮ್ಮ ತಮ್ಮ ರೂಪ ಕೊಟ್ಟರೆ ಹೋಲಿಸಲು ಅನುಕೂಲ. ಎರಡನೆಯದಾಗಿ, ಮನೆಯಲ್ಲಿ 1956ಕ್ಕಿಂತ ಹಿಂದಿನ ಕ್ರಯಪತ್ರ, ವಿಭಾಗಪತ್ರ ಇದ್ದವರು ಒಮ್ಮೆ ಬಿಚ್ಚಿ ನೋಡಿ. ಹಳೆಯ ಮೈಸೂರಿನ ಪತ್ರದಲ್ಲಿ ‘ಕೊಟ್ಟಿರುತ್ತೇನೆ’ ಇದ್ದು ಮುಂಬಯಿ ಪ್ರಾಂತದ ಪತ್ರದಲ್ಲಿ ಇಲ್ಲದಿದ್ದರೆ ನನ್ನ ಊಹೆಗೆ ಒಂದು ದಿಕ್ಕು ಸಿಗುತ್ತದೆ, ಎರಡರಲ್ಲೂ ಇದ್ದರೆ ಬೇರೆ ಕಡೆ ಹುಡುಕಬೇಕು. ಹೆಸರು, ಸರ್ವೆ ನಂಬರ್ ಬೇಡ, ಕ್ರಿಯಾಪದವಿರುವ ಸಾಲು ಮತ್ತು ಇಸವಿ ಸಾಕು.

ಕಚೇರಿಗಳಲ್ಲಿ ಉತ್ತರ ಸಿದ್ಧಪಡಿಸಿ ಅನುಭವವಿರುವವರು ಬಳಗದಲ್ಲಿ ಕೆಲವರಾದರೂ ಇದ್ದೀರಿ. ಕರಡಿನಲ್ಲಿ ನೀವು ‘ಬಂದಿದೆ’ ಎಂದು ಬರೆದದ್ದನ್ನು ಮೇಲಿನವರು ‘ಬಂದಿರುತ್ತದೆ’ ಎಂದು ತಿದ್ದಿದ್ದುಂಟೇ? ತಿದ್ದಿದ್ದರೆ ಕಾರಣವೇನು ಹೇಳಿದರು?