ಅಪ್‌ಡೇಟ್: ನಂದು ಎ, ಅವರದ್ದು ಬಿ, ಮಗಳದ್ದು ಓ ಹೇಗೆ?

ನನ್ನ ರಕ್ತದ ಗುಂಪು ಎ ಪಾಸಿಟಿವ್, ನಮ್ಮ ಯಜಮಾನರದ್ದು ಬಿ ಪಾಸಿಟಿವ್. ಮಗಳಿಗೆ ಓ ನೆಗೆಟಿವ್ ಹೇಗೆ ಬಂತು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಮತ್ತೊಮ್ಮೆ ಟೆಸ್ಟ್ ಮಾಡಿಸಿದೆವು. ಓ ನೆಗೆಟಿವ್ವೇ.

ಡಾಕ್ಟರು ಚೀಟಿಯಲ್ಲಿ ನಾಲ್ಕು ಮನೆ ಎಳೆದು ತೋರಿಸಿದರು. ಗುಂಪು ನಿರ್ಧರಿಸುವ ಜೀನ್ ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನನ್ನಲ್ಲಿರುವುದು ಎ ಮತ್ತು ಓ, ಅವರಲ್ಲಿ ಬಿ ಮತ್ತು ಓ. ಎ ಅಥವಾ ಬಿ ಜೊತೆಗಿದ್ದರೆ ಓ ಹೊರಗೆ ಕಾಣುವುದಿಲ್ಲ, ಆದರೆ ಕಳೆದೂ ಹೋಗುವುದಿಲ್ಲ. ಇಬ್ಬರಿಂದಲೂ ಓ ಬಂದರೆ ಮಗು ಓ. ನಮಗೆ ಎ, ಬಿ, ಎಬಿ, ಓ ಯಾವ ಮಗುವಾದರೂ ಹುಟ್ಟಬಹುದಿತ್ತು, ಒಂದೊಂದಕ್ಕೂ ಶೇಕಡಾ 25 ಅವಕಾಶ. ಎಷ್ಟು ಚೆಂದದ ಲೆಕ್ಕ ಅಲ್ವಾ!

ನೆಗೆಟಿವ್ ಬೇರೆ ಜೀನ್‌ನದು. ಅದೂ ನಮ್ಮಿಬ್ಬರಲ್ಲಿ ಹೀಗೇ ಅಡಗಿತ್ತು.

ಡಾಕ್ಟರು ಜಾಸ್ತಿ ಒತ್ತಿ ಹೇಳಿದ್ದು ಬೇರೆ ವಿಷಯ. ಮಗಳಿಗೆ ರಕ್ತ ಬೇಕಾದರೆ ಓ ನೆಗೆಟಿವ್ವೇ ಆಗಬೇಕು. ಮುಂದೆ ಗರ್ಭಿಣಿಯಾದಾಗ ಆ್ಯಂಟಿ-ಡಿ ಇಂಜೆಕ್ಷನ್ (ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಆಗಿದ್ದರೆ ಅದರ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸದಂತೆ ತಡೆಯುವ ಮದ್ದು) ಬೇಕಾಗಬಹುದು. ಅವಳ ಫೈಲಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಇನ್ನು ಮಗನದ್ದೂ ಟೆಸ್ಟ್ ಮಾಡಿಸಬೇಕು.