ಸಹಾಯ ಬೇಕು: ಹಿತ್ತಲಿಗೆ ಹಸಿರೆಲೆ ಗೊಬ್ಬರ, ಸೆಣಬೋ ಡಯಾಂಚವೋ?

ನಮಸ್ಕಾರ. ಯಲಹಂಕದಲ್ಲಿ ನಮ್ಮ ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗವಿದೆ. ಮನೆ ಕಟ್ಟುವಾಗ ಬಿದ್ದ ಇಟ್ಟಿಗೆ ಚೂರು, ಸಿಮೆಂಟ್ ಹೆಕ್ಕಿ ತೆಗೆದಿದ್ದೇವೆ. ಆದರೂ ಕೆಮ್ಮಣ್ಣು ಮಳೆ ನಿಂತ ಎರಡೇ ದಿನಕ್ಕೆ ಹೆಂಚಿನಂತೆ ಗಟ್ಟಿಯಾಗುತ್ತದೆ. ಗುದ್ದಲಿ ಹಾಕಿದರೆ ಒಂದು ಎರೆಹುಳುವೂ ಕಾಣುವುದಿಲ್ಲ, ನೋಡಿದರೆ ಸಂಕಟವಾಗುತ್ತದೆ.

ಮೂಲೆಯಲ್ಲಿದ್ದ ಅಲಸಂದೆ ಗಿಡವೊಂದನ್ನು ಮೊನ್ನೆ ಕಿತ್ತೆ. ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು! ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ ಎಂದು ತಿಳಿದು ಬಹಳ ಖುಷಿಯಾಯಿತು. ಹಾಗಾಗಿ ಈ ಮುಂಗಾರಿನಲ್ಲಿ ತರಕಾರಿ ಬಿಟ್ಟು ಇಡೀ ಜಾಗಕ್ಕೆ ಹಸಿರೆಲೆ ಗೊಬ್ಬರದ ಬೆಳೆ, ಅಂದರೆ ಹಸಿರಾಗಿರುವಾಗಲೇ ಕತ್ತರಿಸಿ ಮಣ್ಣಿಗೆ ಸೇರಿಸುವ ಬೆಳೆ, ಬಿತ್ತಬೇಕೆಂದಿದ್ದೇನೆ. ಸೆಣಬು, ಡಯಾಂಚ ಎರಡೂ ಅಲಸಂದೆಯಂತೆಯೇ ಸಾರಜನಕ ಹಿಡಿಯುವ ಗಿಡಗಳು.

ನೀರು ನಿಲ್ಲುವ ಜಾಗಕ್ಕೆ ಡಯಾಂಚ ಒಳ್ಳೆಯದು ಎನ್ನುತ್ತಾರೆ. ನಮ್ಮಲ್ಲಿ ನೀರು ನಿಲ್ಲುವುದಿಲ್ಲ, ಆದ್ದರಿಂದ ಸೆಣಬಿನತ್ತ ಮನಸ್ಸಿದೆ. ಬೀಜದ ಪ್ರಮಾಣವನ್ನು ಎಲ್ಲರೂ ಎಕರೆ ಲೆಕ್ಕದಲ್ಲೇ ಹೇಳುತ್ತಾರೆ. ಇಷ್ಟು ಜಾಗಕ್ಕೆ 150 ಗ್ರಾಂ ಸಾಕೇ? ಸೆಣಬು ನಾರಿನ ಬೆಳೆ, ಬಲಿತರೆ ಕೊಳೆಯುವುದು ನಿಧಾನ. ಹೂ ಬಿಡುವ ಹೊತ್ತಿಗೆ ಕತ್ತರಿಸಿ, ಗುದ್ದಲಿಯಿಂದಲೇ ಮಣ್ಣಿಗೆ ಸೇರಿಸಿದವರು ಯಾರಾದರೂ ಇದ್ದೀರಾ? ಆಮೇಲೆ ಎಷ್ಟು ದಿನ ಬಿಟ್ಟು ಬದನೆ ಸಸಿ ನೆಟ್ಟಿರಿ? ಕಾಲು ಕಿಲೋದಂತೆ ಬೀಜ ಕೊಡುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.